ಕಾರಿನ ಹೊಟ್ಟೆಯ ಕೆಳಗೆ

ನಮ್ಮ ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಹಸು, ಒಂದು ಕಾರು ಇದ್ದವು. ಎಮ್ಮೆಗಳು ಬಲಗಡೆ ಗೋದಲಿಗೆ ಮುಖ ಮಾಡಿ ನಿಲ್ಲುತ್ತಿದ್ದವು, ಹಸು ನಡುಗಂಬದ ಹತ್ತಿರ. ಕಾರು ನಿಲ್ಲುತ್ತಿದ್ದದ್ದು ಎಡಗಡೆ, ಮೊದಲು ಎತ್ತುಗಳಿದ್ದ ಜಾಗದಲ್ಲಿ. ರಾವಂದೂರಿನಿಂದ ಎರಡು ಮೈಲಿ ಒಳಗಿದ್ದ ನಮ್ಮ ಹಳ್ಳಿಯಲ್ಲಿ ಆಗ ಇದ್ದದ್ದು ಅದೊಂದೇ ಕಾರು. ಎತ್ತು ಮಾರಿದ ವರ್ಷವೇ ನನ್ನ ಚಿಕ್ಕಪ್ಪ ಮಾದೇವ ಅದನ್ನು ಕೊಡಗಿನ ಕಾಫಿ ತೋಟದವರೊಬ್ಬರಿಂದ ಕೊಂಡು, ದಾರಿಯಲ್ಲಿ ಮೂರು ಸಲ ನಿಲ್ಲಿಸಿ, ಕೊನೆಯ ಅರ್ಧ ಮೈಲಿ ತಳ್ಳಿಸಿಕೊಂಡು ಮನೆಗೆ ತಂದಿದ್ದ. ದುಂಡು ಮೂತಿಯ ಬಿಳಿ ಕಾರು. ಬಿಳಿ ಅನ್ನುವುದು ಅದರ ಮಾಡಿನ ಮೇಲೆ ಮಾತ್ರ ಉಳಿದಿತ್ತು. ಅಜ್ಜಿ ಜಗಲಿಯ ಮೇಲೆ ಕೂತು ಅದನ್ನು ಮೇಲಿಂದ ಕೆಳಕ್ಕೆ ನೋಡಿದ್ದಳು.

"ಸಗಣಿ ಆಕಲ್ಲ, ಕರ ಆಕಲ್ಲ. ಇದಕ್ಯಾಕ್ಲಾ ಕೊಟ್ಟಿಗೆ?"

ನಮ್ಮ ಮನೆ ಉದ್ದಕ್ಕೆ ಇತ್ತು. ಮುಂದೆ ಜಗಲಿ, ಆಮೇಲೆ ಹಜಾರ, ಹಜಾರದ ಎರಡು ಬದಿಗೆ ಎರಡು ಕೋಣೆ, ಕೊನೆಗೆ ಅಡುಗೆಮನೆ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದರೆ ಕೊಟ್ಟಿಗೆ. ಒಲೆಯ ಮುಂದೆ ಕೂತ ಅವ್ವ ಮುದ್ದೆ ತಿರುವುತ್ತಲೇ ಆ ಬಾಗಿಲಿನಿಂದ ಎಮ್ಮೆ ಮಲಗಿತೋ ಎದ್ದಿತೋ ಅಂತ ನೋಡಿಕೊಳ್ಳುತ್ತಿದ್ದಳು. ಹಿತ್ತಲಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಬ್ಯಾರನ್ನಿಗೆ ಬೆಂಕಿ ಹಾಕಿದ ತಿಂಗಳುಗಳಲ್ಲಿ ಅಪ್ಪ ಅಲ್ಲೇ ಇರುತ್ತಿದ್ದ, ಊಟಕ್ಕೆ ಮಾತ್ರ ಒಳಗೆ ಬರುತ್ತಿದ್ದ. ಬಂದರೂ ಮಾತು ಕಡಿಮೆ. ಅಪ್ಪನ ಪಾಲಿನ ಮಾತನ್ನೂ ಸೇರಿಸಿ ಚಿಕ್ಕಪ್ಪನೇ ಆಡುತ್ತಿದ್ದ. ಅವನಿಗಿನ್ನೂ ಮದುವೆ ಆಗಿರಲಿಲ್ಲ. ರೇಡಿಯೋ, ಪಂಪ್‌ಸೆಟ್ಟು, ಅವ್ವನ ಹೊಲಿಗೆ ಮೆಷಿನ್ನು, ಏನು ಸಿಕ್ಕಿದರೂ ಬಿಚ್ಚುತ್ತಿದ್ದ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿದ್ದ ಅಂತ ಹೇಳಲಾರೆ. ಹೊಲಿಗೆ ಮೆಷಿನ್ನು ಜೋಡಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕಿದ್ದವು, ಅವನ್ನು ಅವ್ವ ಸಾಸಿವೆ ಡಬ್ಬಿಯ ಪಕ್ಕ ಇಟ್ಟಿದ್ದಳು, ಅವನಿಗೆ ಕಾಣುವ ಹಾಗೆ.

ನನಗಾಗ ಹತ್ತು ವರ್ಷ. ಈ ಹೆಣ್ಮಗು ಉಣ್ಣೋದಕ್ಕಿಂತ ಕೇಳೋದೇ ಜಾಸ್ತಿ ಅಂತ ಅಜ್ಜಿ ದೂರುತ್ತಿದ್ದಳು. ಕಾರು ಬಂದ ಮೇಲಂತೂ ನನ್ನ ಕೇಳುವಿಕೆಗೆ ಕೊನೆ ಇರಲಿಲ್ಲ. ಮೇಲಿನದ್ದೆಲ್ಲ ನೋಡಿ ಆಗಿತ್ತು: ಬಾನೆಟ್ಟಿನ ಒಳಗೆ, ಡಿಕ್ಕಿಯ ಒಳಗೆ, ಸೀಟಿನ ಕೆಳಗೆ ಸಿಕ್ಕಿದ ಕಾಫಿ ಬೀಜ ಸಹಿತ. ನೋಡದೆ ಉಳಿದದ್ದು ಕಾರಿನ ಹೊಟ್ಟೆ. ಎಂಜಿನ್ನು ಇರುವುದು ಮುಂದೆ, ಕಾರನ್ನು ನೂಕುವ ಚಕ್ರ ಹಿಂದೆ ಅಂತ ಚಿಕ್ಕಪ್ಪ ಹೇಳಿದ್ದ. ಹಾಗಾದರೆ ಮುಂದಿನ ಜೋರು ಹಿಂದಕ್ಕೆ ಹೇಗೆ ಹೋಗುತ್ತದೆ? ನೆಲಕ್ಕೆ ಕೆನ್ನೆ ಹಚ್ಚಿ ಬಗ್ಗಿ ನೋಡಿದರೆ ಬರೀ ಕತ್ತಲೆ ಕಾಣುತ್ತಿತ್ತು, ಮತ್ತು ಆ ಕಡೆ ಎಮ್ಮೆಯ ಕಾಲು.

ಅದೊಂದು ಭಾನುವಾರ. ಎಡಗಡೆಯ ಹಿಂದಿನ ಚಕ್ರದಿಂದ ಕಿರ್ರೆನ್ನುವ ಶಬ್ದ ಬರುತ್ತಿದೆ, ಬ್ರೇಕು ನೋಡಬೇಕು ಅಂತ ಚಿಕ್ಕಪ್ಪ ಬೆಳಿಗ್ಗೆಯೇ ಶುರು ಮಾಡಿದ. ಜಾಕು ಕೊಟ್ಟು ಎತ್ತಿದ. ಕೊಟ್ಟಿಗೆಯ ಮಣ್ಣು ನೆಲ ಗಂಜಲ ಕುಡಿದು ಮೆತ್ತಗಾಗಿತ್ತು, ಕಾರು ಮೇಲಕ್ಕೆ ಹೋಗುವುದಕ್ಕಿಂತ ಜಾಕೇ ಕೆಳಕ್ಕೆ ಇಳಿಯುತ್ತಿತ್ತು. ಅಡಿಗೆ ಒಂದು ಹಲಗೆ ಚೂರು ಹಾಕಿ ಹೇಗೋ ಎತ್ತಿ, ಚಕ್ರ ಕಳಚಿದ. ಬ್ಯಾರನ್ ಕಟ್ಟಿ ಮಿಕ್ಕಿದ್ದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಆಕ್ಸಲ್ಲನ್ನು ಅದರ ಮೇಲೆ ಕೂರಿಸಿ, ಜಾಕನ್ನು ಎಳೆದುಕೊಂಡುಬಿಟ್ಟ. ಆಮೇಲೆ ಕೆಳಗೆ ತೂರಿಕೊಂಡು ಸೊಂಟದ ತನಕ ಒಳಗೆ ಹೋದ. ಒಳಗಿನಿಂದಲೇ ನನ್ನ ಜೊತೆ ಮಾತಾಡುತ್ತಿದ್ದ. ನಾನು ಒರಳುಕಲ್ಲಿನ ಮೇಲೆ ಕೂತು ಅವನ ಕಾಲಿನ ಜೊತೆ ಮಾತಾಡುತ್ತಿದ್ದೆ. ಮಧ್ಯಾಹ್ನ ಅವ್ವ ಊಟಕ್ಕೆ ಕರೆದಳು. ಅವನು ಎದ್ದು ಕೈ ತೊಳೆಯಲು ಹೋದ.

ನಾನು ಹೋಗಲಿಲ್ಲ. ಹಜಾರದ ಮೊಳೆಯಲ್ಲಿ ಅಪ್ಪನ ಬ್ಯಾಟ್ರಿ ನೇತಾಡುತ್ತಿತ್ತು. ಟಾರ್ಚನ್ನು ನಾವು ಕರೆಯುತ್ತಿದ್ದದ್ದು ಹಾಗೆ. ಅದನ್ನು ತಂದು, ಅಂಗಾತ ಮಲಗಿ, ಹಿಮ್ಮಡಿಯಲ್ಲಿ ಒದ್ದುಕೊಂಡು ಕಾರಿನ ಅಡಿಗೆ ಸರಿದೆ. ಬೆಳಕು ಬಿಟ್ಟ ಕೂಡಲೇ ಮುಖದ ಮೇಲೆ ಒಂದು ಗೇಣು ಎತ್ತರದಲ್ಲಿ ಉದ್ದನೆಯ ಕಬ್ಬಿಣದ ಕೊಳವೆಯೊಂದು ಕಂಡಿತು. ಅದು ಮುಂದಿನಿಂದ ಬಂದು ಹಿಂದೆ ಕುಂಬಳಕಾಯಿ ಗಾತ್ರದ ಗುಂಡೊಂದಕ್ಕೆ ಸೇರಿಕೊಂಡಿತ್ತು. ಗುಂಡಿನಿಂದ ಎರಡು ಕಡೆಗೆ ಎರಡು ತೋಳು ಚಕ್ರಗಳ ತನಕ ಹೋಗಿದ್ದವು. ಓ, ಮುಂದಿನ ಜೋರು ಹೋಗುವುದು ಹೀಗೆ! ಎಲ್ಲದಕ್ಕೂ ಎಣ್ಣೆ ಮಣ್ಣು ಸೇರಿದ ಕರಿ ಲೇಪ. ಉಗುರಲ್ಲಿ ಕೆರೆದೆ. ಮೂಸಿ ನೋಡಿದೆ. ಎಷ್ಟು ಹೊತ್ತು ಇದ್ದೆನೋ, ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವನ ದನಿ ಕೇಳಿತು, ದಿನಾ ಕರೆಯುವ ಹಾಗೆಯೇ, ರಾಗವಾಗಿ.

"ಮಂಜೀ, ಬಾರಮ್ಮಿ ಇಲ್ಲಿ. ಮೆಲ್ಲುಕ್ ಬಾ, ಆತುರ ಇಲ್ಲ. ಹೆಸರುಕಾಳು ಸೋಸಬೇಕು."

ಹೆಸರುಕಾಳು ಸೋಸುವುದು ನನಗೆ ಇಷ್ಟದ ಕೆಲಸವಾಗಿರಲಿಲ್ಲ. ಹೋಗಿ ಬಂದು ಮತ್ತೆ ನೋಡೋಣ ಅಂತ ಬ್ಯಾಟ್ರಿಯನ್ನು ಇಟ್ಟಿಗೆಯ ಪಕ್ಕದಲ್ಲಿ ಉರಿಯುತ್ತಿರುವ ಹಾಗೆಯೇ ಬಿಟ್ಟು ಹೊರಗೆ ತೆವಳಿದೆ. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅವ್ವ ನನ್ನ ಮುಂಗೈ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಅಂದರೆ ಬಳೆಯ ಗುರುತು ಬಿತ್ತು. ನಾನು ಯಾಕೆ ಅಂತ ಕೇಳುವ ಮೊದಲೇ ಹಿಂದೆ ಒಂದು ಶಬ್ದ ಆಯಿತು. ಗುಡುಗಿನ ಹಾಗೆ ಉರುಳುವ ಶಬ್ದ ಅಲ್ಲ. ಒಂದೇ ಏಟು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅದುರಿತು. ಎಮ್ಮೆಯೊಂದು ಹಗ್ಗ ಕಿತ್ತುಕೊಂಡು ಅಂಗಳಕ್ಕೆ ನುಗ್ಗಿತು. ಅಜ್ಜಿ ಜಗಲಿಯಿಂದ ಕಿರುಚುತ್ತಾ ಓಡಿ ಬಂದಳು.

"ಮಾದೇವ ಎಲ್ಲಿ? ಅಯ್ಯೋ ಮಾದೇವ ಎಲ್ಲೋದ್ನೇ?"

ಮಾದೇವ ಅವಳ ಹಿಂದೆಯೇ ಮುದ್ದೆಯ ತುತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಅಪ್ಪ ಬ್ಯಾರನ್ನಿನಿಂದ ಓಡಿ ಬಂದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು, ತಲೆ ಎಣಿಸಿಕೊಂಡರು. ಯಾರಿಗೂ ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಾದಪ್ಪ ಕಾಪಾಡಿದ ಅಂತ ದೇವರ ಮುಂದೆ ದೀಪ ಹಚ್ಚಿದಳು. ಕೆಳಗಿನ ಇಟ್ಟಿಗೆಯೊಂದು ಪುಡಿಯಾಗಿ, ಮೇಲಿನವೆಲ್ಲ ಚೆಲ್ಲಾಡಿ, ಕಾರು ಎಡಗಡೆಗೆ ವಾಲಿ ನೆಲ ಕಚ್ಚಿತ್ತು. ಅಕ್ಕಪಕ್ಕದವರು ಬಂದು ಮರದ ತೊಲೆ ಹಾಕಿ ಮೀಟಿ ಎತ್ತಿದರು. ಆಗ ಚಿಕ್ಕಪ್ಪ ಕೈ ಚಾಚಿ ಅಡಿಯಿಂದ ಏನನ್ನೋ ಎಳೆದ. ಚಪ್ಪಟೆಯಾದ ತಗಡು, ಒಡೆದ ಗಾಜು. ಅವನು ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಬೆನ್ನಿನ ತುಂಬ ಕೊಟ್ಟಿಗೆಯ ಮಣ್ಣು ಮೆತ್ತಿತ್ತು.

"ನನ್ ಬ್ಯಾಟ್ರಿ ಅಲ್ವೇನ್ಲಾ ಅದು?" ಅಂತ ಅಪ್ಪ ಕೇಳಿದ.

"ನಾನೇ ಇಟ್ಕಂಡಿದ್ದೆ ಕಣಣ್ಣ," ಅಂದ ಚಿಕ್ಕಪ್ಪ.

ಮಾರನೇ ದಿನ ಸ್ಕೂಲಿಗೆ ಹೊರಡುವ ಮೊದಲು ಅವ್ವ ನನ್ನ ತಲೆ ಬಾಚುತ್ತಿದ್ದಳು. ಜಡೆ ಹೆಣೆಯುವ ಕೈ ನಡುವೆ ನಿಂತಿತು.

"ನೀನು ಅಡಿಗೋಗಿದ್ದು ನಾನು ನೋಡ್ದೆ ಕಣಮ್ಮಿ. ಒಲೆ ಮುಂದ್ಲಿಂದ ನಿನ್ ಕಾಲು ಕಾಣ್ತಿತ್ತು."

"ಮತ್ಯಾಕವ್ವ ಬಯ್ಲಿಲ್ಲ?"

"ಕೂಗ್ಕಂಡಿದ್ರೆ ನೀನು ಗಾಬ್ರಿ ಬಿದ್ದು ಎದ್ದೇಳ್ತಿದ್ದೆ. ತಲೆ ಬಡೀತಿತ್ತು, ಅದು ಅಲ್ಲಾಡ್ತಿತ್ತು. ಅದ್ಕೇ ಹೆಸರುಕಾಳು ಅಂದೆ. ಹೆಸರುಕಾಳು ಎಲ್ಲಿತ್ತು ನಮ್ಮನೇಲಿ."

ಆಮೇಲೆ ಅವಳು ನನ್ನ ತಲೆಯ ಮೇಲೆ ಗದ್ದವಿಟ್ಟುಕೊಂಡು ಕೂತಳು. ನಡುಗುತ್ತಿದ್ದಳು. ನನಗೆ ಹೆದರಿಕೆ ಆದದ್ದು ಆಗ, ಕಾರು ಬಿದ್ದಾಗ ಅಲ್ಲ. ಎದೆ ಬಾಯಿಗೆ ಬರುವಾಗಲೂ ದನಿಯನ್ನು ದಿನದ ದನಿಯಾಗಿ ಇಟ್ಟುಕೊಳ್ಳಲು ಏನು ಬೇಕು ಅಂತ ನನಗೆ ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು. ಈಗ ನಾನು ಹುಣಸೂರಿನ ಕಡೆ ಐಟಿಐ ಒಂದರಲ್ಲಿ ಮಕ್ಕಳಿಗೆ ಮೋಟಾರು ಕೆಲಸ ಕಲಿಸುತ್ತೇನೆ. ಯಾರಾದರೂ ತಪ್ಪು ಜಾಗದಲ್ಲಿ ಕೈಯಿಟ್ಟದ್ದು ಕಂಡರೆ ಮೊದಲು ನನ್ನ ದನಿಯನ್ನು ಹಿಡಿದುಕೊಳ್ಳುತ್ತೇನೆ.

ಅವ್ವ ಈ ವಿಷಯ ಅಪ್ಪನಿಗೂ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಬದಲಿಗೆ ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ, ಆ ಕಾರು ಮನೆಯಲ್ಲಿ ಇರುವ ತನಕ ತಾನು ಎಮ್ಮೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವುದಿಲ್ಲ ಅಂತ ಹೇಳಿ ಸಾರು ಬಡಿಸಿದಳು. ಹೇಳಿದ ಹಾಗೆಯೇ ಮಾಡಿದಳು. ಎಮ್ಮೆ ಕರೆಯುವ ಕೆಲಸ ಚಿಕ್ಕಪ್ಪನ ಪಾಲಿಗೆ ಬಂತು. ಅವನಿಗೆ ಒಂದು ಎಮ್ಮೆ ಅರ್ಧ ಪಾತ್ರೆ ಹಾಲು ಕೊಟ್ಟಿತು, ಇನ್ನೊಂದು ಒದೆ ಕೊಟ್ಟಿತು. ಅಜ್ಜಿಗೆ ಕಾಫಿಗೆ ಹಾಲು ಸಾಲದೆ, ಅವಳು ದಿನಕ್ಕೆರಡು ಸಲ ಕಾರಿಗೆ ಶಾಪ ಹಾಕಿದಳು. ಚಿಕ್ಕಪ್ಪ ಯಾರಿಗೂ ಎದುರಾಡಲಿಲ್ಲ. ಮೂರನೇ ದಿನ ಸ್ಕೂಲಿನಿಂದ ಬಂದಾಗ ಅವನು ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಡೆದ ಇಟ್ಟಿಗೆಯ ಚೂರುಗಳನ್ನು ಜೋಡಿಸುತ್ತಿದ್ದ.

"ಎಷ್ಟೊತ್ತು ಇದ್ದೆ ಒಳ್ಗೆ?"

"ಗೊತ್ತಿಲ್ಲ ಚಿಕ್ಕಪ್ಪ. ಆ ಗುಂಡು ನೋಡ್ತಿದ್ದೆ."

ಅವನು ಮುಖ ಆ ಕಡೆ ತಿರುಗಿಸಿಕೊಂಡ. ಭುಜ ಅಲ್ಲಾಡುತ್ತಿತ್ತು. ಗಂಡಸರು ಅಳುವುದನ್ನು ನಾನು ನೋಡಿರಲಿಲ್ಲ, ಏನು ಮಾಡಬೇಕೋ ತಿಳಿಯದೆ ಒಂದು ಇಟ್ಟಿಗೆ ಚೂರು ಎತ್ತಿ ಅವನಿಗೆ ಕೊಟ್ಟೆ. ಅವನು ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ಬೆಳಿಗ್ಗೆಯಿಂದ ನಿಂತಿತ್ತಲ್ಲಮ್ಮಿ. ನಾನೂ ಅದ್ರ ಅಡೀಲೇ ಇದ್ನಲ್ಲ. ಆಗ ಒಡೀದಿದ್ದು ಆಮೇಲ್ ಯಾಕೆ ಒಡೀತು? ಇದು ತಿಳೀದೆ ನಾನು ಇನ್ನೊಂದ್ಸಲ ಕಾರು ಮುಟ್ಟಲ್ಲ."

ಆ ಪ್ರಶ್ನೆ ನನ್ನದೂ ಆಗಿತ್ತು. ಶನಿವಾರ ಅರ್ಧ ದಿನದ ಸ್ಕೂಲು ಮುಗಿದ ಮೇಲೆ ಇಟ್ಟಿಗೆ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ನಾವಿಬ್ಬರೂ ಬಸ್ಸು ಹಿಡಿದು ಕೊಡಗಿನ ಗಡಿಯ ಕೊಪ್ಪಕ್ಕೆ ಹೋದೆವು. ಮಡಿಕೇರಿ ರಸ್ತೆಯ ಪಕ್ಕದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ವಯಸ್ಸಾದ ಮಲಯಾಳಿ ಮೇಸ್ತ್ರಿಯೊಬ್ಬರಿದ್ದರು, ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಚಿಕ್ಕಪ್ಪ ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ತಲೆ ತಗ್ಗಿಸಿ ನನ್ನ ಕಡೆ ಬೆರಳು ತೋರಿಸಿದ. ಕಾಕಾ ಬಯ್ಯಬಹುದು ಅಂದುಕೊಂಡಿದ್ದೆ. ಅವರು ತಮ್ಮ ಭಾಷೆಯಲ್ಲಿ ಮಗಳೇ ಅಂತ ಕರೆದು, ಇಟ್ಟಿಗೆ ಚೂರನ್ನು ನನ್ನ ಅಂಗೈ ಮೇಲಿಟ್ಟರು.

"ನೋಡು ಮೋಳೇ, ಇದು ಗೋಡೆಗೆ ಆಗೋ ಸಾಮಾನು. ಗೋಡೇಲಿ ಭಾರ ಎಲ್ಲಾ ಇಟ್ಟಿಗೆ ಮೇಲೂ ಸಮ ಕೂರ್ತದೆ. ಕಾರಿನ ಭಾರ ಒಂದು ಅಂಚಿನ ಮೇಲೆ ಕೂರ್ತದೆ. ಒಳಗೆ ಸಣ್ಣ ಬಿರುಕು ಬಂದಿರ್ತದೆ, ನಮಗೆ ಕಾಣಲ್ಲ. ಮರದ ದಿಮ್ಮಿ ಆದ್ರೆ ಮುರಿಯೋ ಮುಂಚೆ ಕಿರ್ ಅಂತ ಹೇಳ್ತದೆ. ಇಟ್ಟಿಗೆ ಏನೂ ಹೇಳಲ್ಲ."

"ಮತ್ತೆ ಜಾಕು ತೆಗೀದೇ ಇದ್ದಿದ್ರೆ?" ಅಂತ ನಾನು ಕೇಳಿದೆ.

"ಜಾಕ್ ಇರೋದು ಎತ್ತೋಕೆ. ಹಿಡ್ಕೊಂಡು ನಿಲ್ಲೋಕಲ್ಲ. ನಾನು ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೀನಿ, ಬರೀ ಜಾಕ್ ಮೇಲೆ ನಿಂತ ಗಾಡಿ ಅಡಿಗೆ ಕೈ ಕೂಡ ಹಾಕಿಲ್ಲ."

ಅವರು ಲಾರಿಯ ಹಳೇ ಪೈಪು ಕತ್ತರಿಸಿ, ಮೂರು ಕಾಲು ಬೆಸೆದು ಎರಡು ಸ್ಟ್ಯಾಂಡು ಮಾಡಿಕೊಟ್ಟರು. ಪೈಪಿನೊಳಗೆ ಇನ್ನೊಂದು ಪೈಪು, ಎತ್ತರಕ್ಕೆ ತಕ್ಕ ತೂತಿಗೆ ಹೆಬ್ಬೆರಳು ದಪ್ಪದ ಕಬ್ಬಿಣದ ಪಿನ್ನು, ತಲೆಯ ಮೇಲೆ ಆಕ್ಸಲ್ಲು ಜಾರದ ಹಾಗೆ ಬಟ್ಟಲಿನಂಥ ತಗ್ಗು. ಬೆಸುಗೆ ಆರುವ ತನಕ ಕಾಕಾ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಾಗಾದರೆ ಹಿಂದಿನ ಚಕ್ರ ಎರಡನ್ನೂ ಎತ್ತಿದ ಮೇಲೆ ಅದು ಏನನ್ನು ಹಿಡಿಯುತ್ತದೆ? ನಾನು ಯೋಚನೆ ಮಾಡಿ ಗಾಳಿಯನ್ನು ಅಂದೆ. ಅವರು ಜೋರಾಗಿ ನಕ್ಕು, ಅದಕ್ಕೇ ನೆಲದ ಮೇಲಿರುವ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಬೇಕು ಅಂದರು. ಹೊರಡುವಾಗ ಚಿಕ್ಕಪ್ಪನ ತೋಳು ಹಿಡಿದುಕೊಂಡು ಹೇಳಿದರು.

"ಸ್ಟ್ಯಾಂಡ್ ಕೊಟ್ಟ ಮೇಲೆ, ಅಡಿಗೆ ಹೋಗೋ ಮುಂಚೆ ಗಾಡೀನ ಚೆನ್ನಾಗಿ ಅಲ್ಲಾಡ್ಸು. ಬೀಳೋದಾದ್ರೆ ನೀನು ಹೊರಗೆ ಇರೋವಾಗ್ಲೇ ಬೀಳ್ಲಿ."

ಮನೆಗೆ ತಂದ ಸ್ಟ್ಯಾಂಡುಗಳನ್ನು ಅಪ್ಪ ಕೈಯಲ್ಲಿ ತೂಗಿ ನೋಡಿದ. ಅದರ ಕಾಲಿನ ಅಗಲವನ್ನು ಗೇಣಿನಲ್ಲಿ ಅಳೆದ. ಕೊಟ್ಟಿಗೆಗೆ ಹೋಗಿ ಕಾರಿನ ಪಕ್ಕದ ನೆಲವನ್ನು ಹಿಮ್ಮಡಿಯಲ್ಲಿ ಒತ್ತಿದ, ಹಿಮ್ಮಡಿ ಇಳಿಯಿತು. ಆಮೇಲೆ ಬ್ಯಾರನ್ನಿಗೆ ಹೊರಟುಹೋದ. ನಾಲ್ಕು ದಿನ ಬಿಟ್ಟು ಜಲ್ಲಿ, ಮರಳು, ಸಿಮೆಂಟು, ಗಾರೆಯವನು ಎಲ್ಲಾ ಬಂದು ಅಂಗಳದಲ್ಲಿ ಇಳಿದಾಗಲೇ ನಮಗೆಲ್ಲ ಗೊತ್ತಾದದ್ದು. ಆಗ ಅಜ್ಜಿಗೂ ಅಪ್ಪನಿಗೂ ದೊಡ್ಡ ಜಗಳವೇ ಆಯಿತು. ಸಿಮೆಂಟಿನ ಮೇಲೆ ದನದ ಕಾಲು ಜಾರುತ್ತದೆ, ಗೊರಸು ಸವೆಯುತ್ತದೆ, ಕಾರಿಗೋಸ್ಕರ ನನ್ನ ಎಮ್ಮೆ ಕಾಲು ಮುರಿಸುತ್ತೀಯಾ ಅಂತ ಅವಳು ಗಾರೆಯವನ ಬಾಣಲಿಯನ್ನೇ ಕಸಿದುಕೊಂಡು ಕೂತಳು. ಕೊನೆಗೆ ನಡುಗಂಬದಿಂದ ಗೋಡೆಯ ತನಕ ಹಗ್ಗ ಎಳೆದು ಗಡಿ ಗುರುತು ಮಾಡಿದರು. ಹಗ್ಗದಿಂದ ಈಚೆ ಮಣ್ಣು, ಆಚೆ ಕಾಂಕ್ರೀಟು. ಹಗ್ಗ ಹಿಡಿದವಳು ಅಜ್ಜಿಯೇ, ಅದನ್ನು ಮೆಲ್ಲಗೆ ಕಾರಿನ ಕಡೆಗೆ ಒಂದು ಗೇಣು ಸರಿಸಿಯೂ ಇದ್ದಳು.

ಕಾಂಕ್ರೀಟು ಚೆನ್ನಾಗಿ ಗಟ್ಟಿಯಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗಾರೆ ಕೆಲಸಕ್ಕೆಂದು ಚಕ್ರ ತೊಡಿಸಿ ಅಂಗಳಕ್ಕೆ ತಳ್ಳಿದ್ದ ಕಾರನ್ನು ಚಿಕ್ಕಪ್ಪ ಮತ್ತೆ ಒಳಗೆ ತಂದ. ಅಜ್ಜಿ ಎಮ್ಮೆಯ ಪಕ್ಕ ಕೂತಳು. ಅಪ್ಪ ಬಾಗಿಲಲ್ಲಿ ನಿಂತ. ಅವ್ವ ಕೊಟ್ಟಿಗೆಗೆ ಕಾಲಿಡದೆ ಅಡುಗೆಮನೆಯ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತದೆ. ಚಿಕ್ಕಪ್ಪ ಒಂದೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಹೇಳಿ ಮಾಡಿದ, ಯಾರಿಗೆ ಕೇಳಲಿ ಅಂತ ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಗೇರು ಹಾಕಿದ. ಮುಂದಿನ ಚಕ್ರಗಳಿಗೆ ನಾಲ್ಕು ಕಲ್ಲು ಕೊಟ್ಟು ಒದ್ದು ನೋಡಿದ. ಒಂದು ಕಡೆ ಎತ್ತಿ ಸ್ಟ್ಯಾಂಡು, ಇನ್ನೊಂದು ಕಡೆ ಎತ್ತಿ ಸ್ಟ್ಯಾಂಡು, ಎರಡೂ ಆಕ್ಸಲ್ಲಿನ ತೋಳಿನ ಕೆಳಗೆ, ಸ್ಪ್ರಿಂಗಿನ ಹತ್ತಿರ. ಪಿನ್ನು ಪೂರ್ತಿ ಆಚೆ ಬಂದಿದೆಯಾ ಅಂತ ನನ್ನ ಬೆರಳಿನಿಂದ ಮುಟ್ಟಿಸಿದ. ಜಾಕನ್ನು ಎಳೆ ಎಳೆಯಾಗಿ ಇಳಿಸಿ, ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಕೂತ ಮೇಲೂ ಜಾಕನ್ನು ತೆಗೆಯದೆ ತಾಗಿಸಿಯೇ ಬಿಟ್ಟ. ಆಮೇಲೆ ಡಿಕ್ಕಿಗೆ ಕೈ ಕೊಟ್ಟು ಅಲ್ಲಾಡಿಸಿದ. ಅಪ್ಪ ಬಾಗಿಲು ಬಿಟ್ಟು ಬಂದು ತಾನೂ ಭುಜ ಕೊಟ್ಟ. ಕಾರು ಕದಲಲಿಲ್ಲ.

"ಅತ್ಗೆ, ಮಂಜಿ ಒಂದ್ಸಲ ನೋಡ್ಲಾ?" ಅಂದ ಚಿಕ್ಕಪ್ಪ.

ಅವ್ವ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಎದ್ದಳು. ಎಷ್ಟೋ ವಾರದ ಮೇಲೆ ಕೊಟ್ಟಿಗೆಗೆ ಬಂದಳು. ಯಾರ ಕಡೆಗೂ ನೋಡದೆ, ಸೆರಗು ಸಿಕ್ಕಿಸಿಕೊಂಡು, ಕಾರಿನ ಪಕ್ಕಕ್ಕೆ ಬೆನ್ನು ಕೊಟ್ಟು ಕಾಲೂರಿ ತಳ್ಳಿದಳು. ಒಂದು ಸಲ. ಆ ಕಡೆ ಹೋಗಿ ಇನ್ನೊಂದು ಸಲ. ಹಿಂದಿನಿಂದ ಮತ್ತೊಂದು ಸಲ, ಕೈಬಳೆ ಸದ್ದಾಗುವಷ್ಟು ಜೋರಾಗಿ. ಬಗ್ಗಿ ಎರಡು ಪಿನ್ನನ್ನೂ ಮುಟ್ಟಿದಳು.

"ಓಗು," ಅಂದಳು.

ನಾನು ಒಳಗೆ ಸರಿದೆ. ಈ ಸಲ ಎರಡೂ ಕಡೆಯಿಂದ ಬೆಳಕು ಬರುತ್ತಿತ್ತು. ಕೊಳವೆ, ಗುಂಡು, ತೋಳು ಎಲ್ಲಾ ಅಲ್ಲೇ ಇದ್ದವು. ನಾನು ಕಂಡದ್ದನ್ನು ಕೂಗಿ ಹೇಳುತ್ತಿದ್ದೆ, ಚಿಕ್ಕಪ್ಪ ಹೊರಗಿನಿಂದ ಹೆಸರು ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿ ಸೀರೆಯ ಸರಪರ ಕೇಳಿತು.

"ಸರ್ಕಳಮ್ಮಿ. ಅಂತಾದ್ದೇನದೆ ಇಲ್ಲಿ, ನಾನೂ ನೋಡ್ತೀನಿ."

ಅವ್ವ ನನ್ನ ಪಕ್ಕ ಅಂಗಾತ ಮಲಗಿದ್ದಳು. ಹೊರಗೆ ಅಜ್ಜಿ, ಇವ್ಳಿಗೂ ಇಡೀತಲ್ಲಪ್ಪ ಉಚ್ಚು ಅಂತ ಎಮ್ಮೆಗೆ ಹೇಳುತ್ತಿದ್ದಳು. ಅವ್ವ ಕೊಳವೆಯನ್ನು ಈ ತುದಿಯಿಂದ ಆ ತುದಿಯ ತನಕ ಕಣ್ಣಲ್ಲೇ ಹಿಂಬಾಲಿಸಿದಳು. ಆಮೇಲೆ ಕೈ ಚಾಚಿ ತನ್ನ ಕಡೆಯ ಚಕ್ರವನ್ನು ಹಿಡಿದು ಮೆಲ್ಲಗೆ ತಿರುಗಿಸಿದಳು. ನಾನು ಕೂಗಿಕೊಂಡೆ, ಯಾಕೆಂದರೆ ನನ್ನ ಕಡೆಯ ಚಕ್ರ ಯಾರೂ ಮುಟ್ಟದೆ ತಾನೇ ತಿರುಗುತ್ತಿತ್ತು, ಅದೂ ತಿರುವು ಮುರುವಾಗಿ. ಅವ್ವ ಮತ್ತೆ ತಿರುಗಿಸಿ ನೋಡಿದಳು. ಮತ್ತೆ ಹಾಗೆಯೇ ಆಯಿತು.

"ಮಾದೇವ, ನಾನು ಈ ಚಕ್ರ ಮುಂದುಕ್ಕೆ ತಿರುಗುಸಿದ್ರೆ ಆ ಚಕ್ರ ಇಂದುಕ್ಕೆ ಯಾಕ್ ತಿರುಗ್ತದೆ?"

"ಅದು ಅಂಗೇಯ ಅತ್ಗೆ."

"ಅಂಗೇಯ ಅಂದ್ರೆ ಎಂಗೆ?"

ಚಿಕ್ಕಪ್ಪನ ಎರಡು ಪಾದ ಮಾತ್ರ ನಮಗೆ ಕಾಣುತ್ತಿತ್ತು, ಅವು ಅತ್ತ ಇತ್ತ ಕದಲಿದವು.

"ಗೊತ್ತಿಲ್ಲ ಅತ್ಗೆ."

ಅವ್ವ ಬೆರಳಿನ ಗೆಣ್ಣಿನಿಂದ ಆ ಕಬ್ಬಿಣದ ಗುಂಡನ್ನು ತಟ್ಟಿದಳು, ಕುಂಬಳಕಾಯಿ ಬಲಿತಿದೆಯಾ ಅಂತ ನೋಡುವ ಹಾಗೆ.

"ಇದ್ರೊಳ್ಗೆ ಏನದೆ?"

"ಹಲ್ಲಿರೋ ಚಕ್ರಗಳವಂತೆ. ನಾನು ನೋಡಿಲ್ಲ."

"ಬಿಚ್ಚು ಮತ್ತೆ."

"ಅತ್ಗೆ, ಎಣ್ಣೆ ಸುರೀತದೆ..."

"ಯಾರಾದ್ರೂ ಒಂದ್ ಬಾಂಡ್ಲಿ ಕೊಡ್ರೀ ಇಲ್ಲಿ," ಅಂತ ಅವ್ವ ಮಲಗಿದ್ದಲ್ಲಿಂದಲೇ ಕೂಗಿದಳು.

ಹೆಜ್ಜೆ ಸದ್ದು ಅಡುಗೆಮನೆಯ ಕಡೆ ಹೋಗಿ ವಾಪಸ್ಸು ಬಂತು. ಬಾಂಡ್ಲಿ ಕಾಂಕ್ರೀಟಿನ ಮೇಲೆ ಕೆರೆಯುತ್ತಾ ನಮ್ಮಿಬ್ಬರ ನಡುವೆ ಬಂದು ನಿಂತಿತು. ಅದನ್ನು ತಳ್ಳಿದ ಕೈ ಚಿಕ್ಕಪ್ಪನದ್ದಾಗಿರಲಿಲ್ಲ. ಹೊಗೆಸೊಪ್ಪಿನ ಅಂಟಿಗೆ ಕಪ್ಪಾದ ಬೆರಳುಗಳು. ಕೈಯ ಹಿಂದೆಯೇ ಅಪ್ಪನ ಮುಖ, ಕೆನ್ನೆಯನ್ನು ನೆಲಕ್ಕೆ ಹಚ್ಚಿಕೊಂಡು, ನಾವು ಏನು ನೋಡುತ್ತಿದ್ದೇವೆ ಅಂತ ನೋಡುತ್ತಿತ್ತು.